ಬೇಟ್‌ಮನ್ ಮನೆತನದ ಬೆಳ್ಳಿಯ ಕೆಲಸ

ಲಂಡನ್ ಪಟ್ಟಣದ ಬನ್‌ಹಿಲ್ ರೋ ಎಂಬ ಬೀದಿಯಲ್ಲಿ ಜಾನ್ ಬೇಟ್‌ಮನ್ ಎಂಬಾತನು ಸರಪಣಿಗಳನ್ನು ಮಾಡಿ ಜೀವಿಸುತ್ತಿದ್ದನು. 1760ರಲ್ಲಿ ಕ್ಷಯರೋಗದಿಂದ ಮೃತನಾದಾಗ ಆತನು ತನ್ನ ಉಪಕರಣಗಳನ್ನು ಮರಣಶಾಸನದ ಮೂಲಕ ಪತ್ನಿಯಾದ ಹೆಸ್ಟರಳಿಗೆ ಬಿಟ್ಟನು. ಗಂಡುಮಕ್ಕಳಿದ್ದರೂ ಹೆಂಡತಿಗೆ ಬಿಟ್ಟುದನ್ನು ವಾಚಕರು ಗಮನಿಸಬೇಕು; ಅವಳ ಕೈಯ ಯೋಗ್ಯತೆಯನ್ನು ಅವನು ಬಲ್ಲವನಾಗಿದ್ದಿರಬೇಕು. ಆಗ ಆಕೆಗೆ ವಯಸ್ಸು ಐವತ್ತು ದಾಟಿದ್ದಿತು, ಓದುಬರಹ ಬಾರದು.

ಮರುವರ್ಷವೇ ಆಕೆಯು ಅಕ್ಕಸಾಲೆಗಳ ಸಂಘದ ಭವನದಲ್ಲಿ ತನ್ನ ಹೆಸರಿನ ಮುದ್ರೆಯನ್ನು ದಾಖಲು ಮಾಡಿಸಿದಳು. ಅಲ್ಲಿಯ ಕಟ್ಟಳೆ ಬಿಗಿಯಾದುದು. ಸಾವಿರ ಭಾಗಗಳಲ್ಲಿ 925 ಭಾಗ ಶುದ್ಧ ಬೆಳ್ಳಿಯುಂಟೆಂದು ಪರೀಕ್ಷೆಯಿಂದ ಸಿದ್ಧವಾದರೆ ಮಾತ್ರ ಪಾತ್ರೆಯ ಮೇಲೆ ಸಿಂಹದ ಮುದ್ರೆ ಬೀಳುವುದು. ಜೊತೆಗೆ ಮಾಡಿದವರ ಮುದ್ರೆಯೂ ಇರಬೇಕು. ಹೆಸ್ಟರಳದು ಕೈಬರಹದಂತೆ ಬಳುಕಿದ ಎಚ್, ಬಿ ಎಂಬ ಎರಡಕ್ಷರಗಳು. ತಾನು ಓದಲರಿಯದ ಆ ಅಕ್ಷರಗಳಿಂದಲೇ ಇಂದಿಗೂ ಅವಳ ಕೆಲಸವನ್ನು ಗುರುತಿಸುವರು.

ಮೊದಲು ಅನ್ಯ ಅಕ್ಕಸಾಲೆಗಳಿಗಾಗಿ ದುಡಿದಳು. ಬಳಿಕ ಚಮಚಗಳೂ ಚಹದ ಪಾತ್ರೆಗಳೂ ಅವಳ ಹೆಸರಿನಲ್ಲಿಯೇ ಮಾರಿದುವು. ಯಂತ್ರದಿಂದ ಒತ್ತಿದ ತೆಳುತಗಡನ್ನು ಬಳಸಿದುದರಿಂದ ಬೆಳ್ಳಿಯ ತೂಕ ತಗ್ಗಿ, ಬೆಲೆಯು ಸಾಧಾರಣ ಗೃಹಸ್ಥರಿಗೂ ಎಟುಕಿತು. ಅಂಚಿನಲ್ಲಿ ಸಣ್ಣ ಮಣಿಗಳ ಸಾಲು, ಅಷ್ಟಿಷ್ಟು ಕೆತ್ತನೆ, ಅತಿಯಾದ ಆಡಂಬರವಿಲ್ಲ. ನನಗಂತೂ ಈ ಮಿತವೇ ರುಚಿಸುವುದು.

1790ರಲ್ಲಿ ಹೆಸ್ಟರಳು ನಿವೃತ್ತಳಾಗಲು, ಮಕ್ಕಳಾದ ಪೀಟರ್, ಜಾನಥನ್ ಇಬ್ಬರೂ ಜೊತೆಗೂಡಿ ಮುದ್ರೆಯನ್ನು ಪಡೆದರು. ಮರುವರ್ಷವೇ ಜಾನಥನನು ತೀರಿಕೊಂಡನು. ಅವನ ವಿಧವೆಯಾದ ಆನ್ ಎಂಬವಳು ಅತ್ತೆಯ ದಾರಿಯನ್ನೇ ಹಿಡಿದು, ಭಾವನ ಹೆಸರಿನೊಡನೆ ತನ್ನ ಹೆಸರಿನ ಅಕ್ಷರಗಳನ್ನೂ ಬೆಳ್ಳಿಯ ಮೇಲೆ ಒತ್ತಿಸಿದಳು. ಅದನ್ನು ಕಂಡೇ ಹೆಸ್ಟರಳು 1794ರಲ್ಲಿ ಕಾಲವಾದಳು. 1800ರಲ್ಲಿ ಆನಳ ಮಗನಾದ ವಿಲಿಯಮನ ಅಕ್ಷರಗಳೂ ಆ ಮುದ್ರೆಯಲ್ಲಿ ಸೇರಿದುವು.