ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆಯೇ?

ಅಪಘಾತದಲ್ಲಿ ಬದುಕುಳಿದವರನ್ನು ನೋಡಲು ಆಸ್ಪತ್ರೆಗೆ ಹೋದವರು ಕೇಳುವುದು ಒಂದೇ ಮಾತು: ‘ಹೇಗಾಯ್ತು? ಹೇಳಿಬಿಡಿ, ಮನಸ್ಸು ಹಗುರಾಗುತ್ತೆ.’ ಹಾಸಿಗೆಯಲ್ಲಿದ್ದವರು ಎದುರಿನಿಂದ ನುಗ್ಗಿದ ಲಾರಿಯ ಕತೆಯನ್ನು ಬೆಳಿಗ್ಗೆ ಚಿಕ್ಕಪ್ಪನಿಗೆ, ಮಧ್ಯಾಹ್ನ ಪಕ್ಕದ ಮನೆಯವರಿಗೆ, ಸಂಜೆ ಆಫೀಸಿನವರಿಗೆ ಒಪ್ಪಿಸುತ್ತಾರೆ. ಕೇಳುವವರ ಕಾಳಜಿ ನಿಜವಾದದ್ದೇ. ಆದರೆ ಈ ನಂಬಿಕೆ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗಿಲ್ಲ.

ಬ್ರಿಟನ್ನಿನ ಮನೋವೈದ್ಯ ಜೊನಾಥನ್ ಬಿಸನ್ ಮತ್ತು ಸಂಗಡಿಗರು ಸುಟ್ಟಗಾಯದಿಂದ ಆಸ್ಪತ್ರೆ ಸೇರಿದ್ದವರಲ್ಲಿ ಒಂದು ಗುಂಪನ್ನು, ಘಟನೆ ನಡೆದ ಕೆಲವೇ ದಿನಗಳಲ್ಲಿ ಕೂರಿಸಿಕೊಂಡು, ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ವಿವರವಾಗಿ ಹೇಳಿಸಿದರು. ಇನ್ನೊಂದು ಗುಂಪನ್ನು ಅದರ ಪಾಡಿಗೆ ಬಿಟ್ಟರು. 13 ತಿಂಗಳ ಬಳಿಕ ಆಘಾತದ ಮಾನಸಿಕ ಕಾಯಿಲೆ ಕಂಡದ್ದು ಮಾತಾಡಿಸಿದವರ ಪೈಕಿ ಶೇ 26ರಲ್ಲಿ, ಉಳಿದವರಲ್ಲಿ ಶೇ 9ರಲ್ಲಿ. ಮಾತಾಡಿಸಿದ ಗುಂಪಿನವರ ಗಾಯಗಳು ಮೊದಲೇ ಕೊಂಚ ಹೆಚ್ಚಿದ್ದವು, ಹಾಗಾಗಿ ದೋಷವನ್ನೆಲ್ಲ ಮಾತಿನ ಮೇಲೇ ಹೊರಿಸಲಾಗದು. ಆದರೆ 1997ರ ಈ ವರದಿಯ ನಂತರ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗಲೂ, ಇಂಥ ಒಂದೇ ಸಲದ ಮಾತುಕತೆ ಕಾಯಿಲೆ ತಡೆಯುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಹಾಗೆಂದು ಬಾಯಿ ಹೊಲಿದುಕೊಂಡಿರಬೇಕೇ? ಅದೂ ಅಲ್ಲ. 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಹಳೆಯ ನೋವನ್ನು ಬರೆದರು. ನಡೆದದ್ದರ ಜೊತೆಗೆ ಅನಿಸಿದ್ದನ್ನೂ ಬರೆದವರಿಗೆ ಆ ಹೊತ್ತಿಗೆ ದುಃಖ ಉಮ್ಮಳಿಸಿತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ವೈದ್ಯರ ಬಳಿ ಹೋದದ್ದು ಕಡಿಮೆ. ಇಲ್ಲಿ ಯಾರ ಒತ್ತಾಯವೂ ಎದುರಿಗಿರಲಿಲ್ಲ. ಯಾವ ನೋವು, ಎಷ್ಟು ಹೇಳಬೇಕು ಎಂಬ ಆಯ್ಕೆ ಬರೆಯುವವರದೇ ಆಗಿತ್ತು. ನನಗೆ ಮುಖ್ಯವೆನಿಸುವುದು ಇದೇ.

ಇನ್ನು ಯಾರಿಗೆ ಹೇಳುವುದು? ಗುಟ್ಟುಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿರುವ ಮೈಕೆಲ್ ಸ್ಲೆಪಿಯನ್ ಕಂಡುಕೊಂಡಂತೆ, ಜನ ಗುಟ್ಟು ಬಿಚ್ಚಿಡುವುದು ಕರುಣೆಯುಳ್ಳವರ ಬಳಿ, ಜೊತೆಗೆ ‘ಹೀಗೆ ಮಾಡು’ ಎಂದು ಧೈರ್ಯವಾಗಿ ಹೇಳಬಲ್ಲವರ ಬಳಿ. ಬರೀ ಸೌಜನ್ಯ, ಉತ್ಸಾಹ ಇದ್ದರೆ ಸಾಲದು.

ಆದ್ದರಿಂದ ರೋಗಿಯನ್ನು ನೋಡಲು ಹೋದಾಗ ‘ಹೇಗಾಯ್ತು’ ಎನ್ನುವ ಬದಲು ‘ಊಟ ಆಯ್ತಾ, ಏನಾದರೂ ತರಲಾ’ ಎಂದು ಕೇಳಿ. ಅವರಾಗಿಯೇ ಬಾಯಿ ಬಿಟ್ಟರೆ ನಡುವೆ ತಡೆಯದೆ ಕೇಳಿಸಿಕೊಳ್ಳಿ. ಹೇಳಿಕೊಳ್ಳಲು ಯಾರೂ ಇಲ್ಲ ಎನ್ನುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಕರೆ ಉಚಿತ, ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.