ಚೌಕ ದಂಟಿನ ಬಳಗ

ಕುಂಡದ ತುಳಸಿಯ ಎಳೆ ದಂಟನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಹೊರಳಿಸಿ ನೋಡಿ. ನುಣ್ಣಗೆ ಉರುಳುವುದಿಲ್ಲ, ನಾಲ್ಕು ಮೂಲೆ ಬೆರಳಿಗೆ ತಾಕುತ್ತವೆ. ಬೇಲಿ ಬದಿಯ ತುಂಬೆಗೂ ಹಾಗೆಯೇ, ಕಾಮಕಸ್ತೂರಿಗೂ ಹಾಗೆಯೇ. ಎದುರುಬದುರು ಎಲೆ, ಎರಡು ತುಟಿಯ ಹೂವು, ಬಹುಪಾಲು ಗಿಡಗಳಲ್ಲಿ ಉಜ್ಜಿದರೆ ಪರಿಮಳ. ಯುರೋಪಿನ ಅಡುಗೆಯ ಸೇಜ್ ಗಿಡಕ್ಕೂ ಇದೇ ಗುರುತು. ಅದರ ಕುಲನಾಮ ಸಾಲ್ವಿಯಾ, ಲ್ಯಾಟಿನ್ನಿನಲ್ಲಿ ಕಾಪಾಡು, ವಾಸಿಮಾಡು ಎಂಬ ಮಾತಿನಿಂದ ಹುಟ್ಟಿದ್ದು. ಕನ್ನಡದಲ್ಲಿ ಅದಕ್ಕೊಂದು ಮನೆಮಾತಿನ ಹೆಸರಿಲ್ಲ. ಅದರ ದಾಯಾದಿಗಳಿಗೆ ಮಾತ್ರ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಿತ್ತಿಲುಗಳಲ್ಲಿ ಹೆಸರೂ ಇದೆ, ಕೆಲಸವೂ ಇದೆ.

ಅವು ಒಟ್ಟಾಗಿ ಮನೆಯೊಳಗೆ ಬರುವ ದಿನ ಗಣೇಶನ ಹಬ್ಬ. ಇಪ್ಪತ್ತೊಂದು ಪತ್ರೆಗಳ ಪಟ್ಟಿಯಲ್ಲಿ ತುಳಸಿ, ಮರುವಕ, ಸಿಂಧುವಾರ ಮೂರೂ ಇವೆ. ಗಣಪತಿಗೆ ಉಳಿದ ದಿನ ತುಳಸಿ ಏರಿಸದವರೂ ಚೌತಿಯಂದು ಏರಿಸುತ್ತಾರೆ. ಮರುವಕವೇ ನಮ್ಮ ಮರುಗ, ಸಿಂಧುವಾರವೆಂದರೆ ಲಕ್ಕಿ. ಅಮರಕೋಶ ಮರುವಕದ ಹೆಸರುಗಳನ್ನು ಹೇಳಿದ ಬೆನ್ನಿಗೇ ತುಳಸಿ ಜಾತಿಯ ಪರ್ಣಾಸವನ್ನು ಹೇಳುತ್ತದೆ. ಸಸ್ಯಶಾಸ್ತ್ರಜ್ಞರು ಲಕ್ಕಿಯನ್ನು ಬಹುಕಾಲ ಲಂಟಾನದ ಕುಟುಂಬದಲ್ಲಿ ಇಟ್ಟಿದ್ದು, ಈಚೆಗಷ್ಟೇ ತುಳಸಿಯ ಕುಟುಂಬಕ್ಕೆ ಸೇರಿಸಿದರು. ಪೂಜೆಯ ಪಟ್ಟಿಯಲ್ಲಿ ಅವು ಮೊದಲಿನಿಂದಲೂ ಜತೆಗಿದ್ದವು ಎನ್ನುವುದು ನನಗೆ ಬಲು ಇಷ್ಟದ ಸಂಗತಿ. ಲಕ್ಕಿಯ ಸೊಪ್ಪು ಕುದಿಸಿದ ನೀರಲ್ಲಿ ಮೈಕೈ ನೋವಿನವರು ಸ್ನಾನ ಮಾಡುತ್ತಾರೆ. ಒಣಗಿದ ಸೊಪ್ಪು ಕಾಳಿನ ಮೂಟೆಗೆ, ಹುಳು ಬೀಳದಿರಲಿ ಎಂದು. ಬರಲು ಬುಟ್ಟಿ ಹೆಣೆಯುವುದಕ್ಕೆ.

ಮರುಗದ ತವರು ಮೆಡಿಟರೇನಿಯನ್ ಸಮುದ್ರದ ಪೂರ್ವ ಸೀಮೆ. ಅಲ್ಲಿ ಅದು ಮಾಂಸದಡುಗೆಯ ಒಗ್ಗರಣೆ ಸೊಪ್ಪು, ಇಲ್ಲಿ ಮುಡಿಗೆ, ದೇವರಿಗೆ. ಕನಕಾಂಬರ ಮಲ್ಲಿಗೆಗಳ ನಡುವೆ ಒಂದೊಂದು ಕುಡಿ ಸೇರಿಸಿ ಕಟ್ಟಿದ ಮೊಳ ಹೂವು ಬಾಡಿದ ಮೇಲೂ ಮರುಗದ ವಾಸನೆ ಉಳಿದಿರುತ್ತದೆ. ಮರುಗ ದವನ ಎಂದು ಒಂದೇ ಉಸಿರಲ್ಲಿ ಹೇಳುವ ನಾವು ಎರಡನ್ನೂ ಒಡಹುಟ್ಟು ಎಂದುಕೊಂಡಿದ್ದೇವೆ. ದವನ ಬೇರೆ ಮನೆಯದು, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಅರಳುವ ಸೇವಂತಿಗೆಯ ನೆಂಟ. ಚಳಿಗಾಲದ ಹೊತ್ತಿಗೆ ಬಿತ್ತಿದರೆ ನಾಲ್ಕು ತಿಂಗಳೊಳಗೆ ಕೊಯ್ಲು, ಚೈತ್ರದ ದವನದ ಹುಣ್ಣಿಮೆಗೆ ಕಟ್ಟು ಸಿದ್ಧ.

ನಿಜವಾದ ಸಾಲ್ವಿಯಾ ನಮ್ಮ ಕಡೆಯವರ ಕಣ್ಣಿಗೆ ಮೊದಲು ಬಿದ್ದದ್ದು ಅಲಂಕಾರದ ಗಿಡವಾಗಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಸಾಲುಸಾಲಾಗಿ ಇಡುವ ಕೆಂಪು ಹೂವಿನ ಕುಂಡಗಳು ಬ್ರೆಜಿಲ್ ಮೂಲದ ಸಾಲ್ವಿಯಾ. ಶಾಲೆಯ ಹೂದೋಟದಲ್ಲಿ ಅದರ ಕೊಳವೆಯನ್ನು ಕಿತ್ತು ಬುಡದ ಸಿಹಿ ಚೀಪಿದ್ದು ನನಗಿನ್ನೂ ನೆನಪಿದೆ. ಸಾಲ್ವಿಯಾ ಕುಲದ ಹಲವು ಹೂಗಳಲ್ಲಿ ಕೇಸರಗಳು ಏತದ ಹಾಗೆ ಕೆಲಸ ಮಾಡುತ್ತವೆ: ಜೇನುನೊಣ ತಲೆ ತೂರಿಸಿ ಒಂದು ತುದಿ ತಳ್ಳಿದರೆ ಇನ್ನೊಂದು ತುದಿ ಬಾಗಿ ಬೆನ್ನಿಗೆ ಪರಾಗ ಒರೆಸುತ್ತದೆ. 1793ರಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಹೂವು ಮತ್ತು ಕೀಟಗಳ ನಂಟಿನ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ವಿವರಿಸಿದ.

ಈಗ ದಿನಸಿ ಅಂಗಡಿಗೆ ಬಂದಿರುವ ಚಿಯಾ ಕೂಡ ಸಾಲ್ವಿಯಾ ಕುಲದ್ದೇ. ಮೆಕ್ಸಿಕೊದ ಅಜ್ಟೆಕ್ ದೊರೆಗಳಿಗೆ ಕಪ್ಪವಾಗಿ ಸಲ್ಲುತ್ತಿದ್ದ ಕಾಳು ಅದು. 1753ರಲ್ಲಿ ಲಿನೇಯಸ್ ಅದಕ್ಕೆ 'ಸ್ಪೇನಿನದು' ಎಂಬ ಅರ್ಥದ ಹೆಸರಿಟ್ಟ. ಕರ್ನಾಟಕದಲ್ಲಿ ಅದು ಹೊಲಕ್ಕಿಳಿದದ್ದು ಕಳೆದ ದಶಕದಲ್ಲಿ, ಮೈಸೂರಿನ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ, ಎಚ್.ಡಿ. ಕೋಟೆಯ ಸುತ್ತಮುತ್ತ. ಇದನ್ನೂ ಶರಬತ್ತಿನ ಕಾಮಕಸ್ತೂರಿ ಬೀಜವನ್ನೂ ಒಂದೇ ಎಂದುಕೊಳ್ಳುವವರು ಬಹಳ. ಕಾಮಕಸ್ತೂರಿ ಅಚ್ಚ ಕಪ್ಪು, ನೀರಿಗೆ ಬಿದ್ದ ಕೆಲವೇ ನಿಮಿಷಕ್ಕೆ ಬಿಳಿ ಪೊರೆ ಉಬ್ಬುತ್ತದೆ. ಚಿಯಾ ಬೂದು, ಬಿಳಿ, ಕಪ್ಪು ಮಚ್ಚೆಯದು, ನಿಧಾನವಾಗಿ ಲೋಳೆಯಾಗುತ್ತದೆ. ಎರಡನ್ನೂ ನೆನೆಸದೆ ತಿನ್ನಬಾರದು.

ಇಷ್ಟೆಲ್ಲದರಲ್ಲಿ ಅಡುಗೆಮನೆಗೆ ತೀರ ಹತ್ತಿರದ್ದು ದೊಡ್ಡಪತ್ರೆ. ಕೆಲವರು ಸಾಂಬ್ರಾಣಿ ಸೊಪ್ಪು ಎನ್ನುತ್ತಾರೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ತೆಲುಗು ಮನೆಮಾತಿನವರ ಬಾಯಲ್ಲಿ ಅದು ವಾಮಾಕು, ಅಂದರೆ ಓಮದ ಎಲೆ. ಈ ಹೆಸರಿಟ್ಟವರ ನಾಲಿಗೆಯನ್ನು ಮೆಚ್ಚಬೇಕು. ಓಮದ ಕಾಳಿಗೆ ಘಾಟು ಕೊಡುವ ಥೈಮಾಲ್, ಅದರ ಸೋದರ ಕಾರ್ವಕ್ರಾಲ್ ಎರಡೂ ಈ ಎಲೆಯ ಎಣ್ಣೆಯಲ್ಲಿವೆ. 1790ರಲ್ಲಿ ಪೋರ್ಚುಗೀಸ್ ಪಾದ್ರಿ ಲೌರೇರೊ ಇಂಡೋನೇಷ್ಯಾದ ಆಂಬೊನ್ ದ್ವೀಪದ ಹೆಸರನ್ನು ಇದಕ್ಕೆ ಅಂಟಿಸಿದ. ಆದರೆ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಇದು ಕಾಡುಗಿಡ.

ಮಕ್ಕಳಿಗೆ ಶೀತವಾದರೆ ಎಲೆಯನ್ನು ಹೆಂಚಿನ ಮೇಲೆ ಬಾಡಿಸಿ, ಹಿಂಡಿ, ಆ ರಸಕ್ಕೆ ಜೇನು ಬೆರೆಸಿ ನೆಕ್ಕಿಸುವುದು ವಾಡಿಕೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಬೇಡವೇ ಬೇಡ. ಪಿತ್ತದ ಗಂಧೆ ಎದ್ದರೆ ಎಲೆ ಉಜ್ಜುತ್ತಾರೆ. ನನಗೆ ಚಟ್ನಿಯೇ ಹೆಚ್ಚು: ಉದ್ದಿನಬೇಳೆ, ಒಣಮೆಣಸಿನಕಾಯಿ ಹುರಿದು, ಅದೇ ಬಾಣಲೆಯಲ್ಲಿ ಒಂದು ಹಿಡಿ ಎಲೆ ಬಾಡಿಸಿ, ಕಾಯಿತುರಿ, ಹುಣಸೆ, ಉಪ್ಪು ಹಾಕಿ ತರಿತರಿಯಾಗಿ ರುಬ್ಬಿದ್ದು. ಮಳೆ ಹಿಡಿದ ಸಂಜೆ ಎಲೆಯನ್ನು ಇಡಿಯಾಗಿ ಕಡಲೆಹಿಟ್ಟಿನಲ್ಲಿ ಅದ್ದಿದರೆ ಬಜ್ಜಿ.

ದೊಡ್ಡಪತ್ರೆಯ ಬೀಜವನ್ನು ಯಾರೂ ಮಾರುವುದಿಲ್ಲ, ಅದು ಬೀಜ ಕಟ್ಟುವುದೇ ಅಪರೂಪ. ದಂಟು ಮುರಿದು ನೆಟ್ಟರೆ ಬೇರು ಬಿಡುತ್ತದೆ. ಹಾಗಾಗಿ ಇದು ಊರು ದಾಟಿದ್ದೆಲ್ಲ ಕಾಂಪೌಂಡಿನ ಮೇಲಿಂದ, ಕೈಯಿಂದ ಕೈಗೆ. ನಮ್ಮ ಮನೆಯದು ಚಿಂತಾಮಣಿಯ ನೆಂಟರ ಹಿತ್ತಿಲಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದದ್ದು. ಅದರಿಂದ ಪಕ್ಕದ ಮನೆಗೆ ಎರಡು ದಂಟು ಹೋದವು. ಗೇಣುದ್ದದ ತುಂಡು ಸಾಕು. ಕೆಳಗಿನ ಎಲೆ ಕಿತ್ತು, ಮರಳು ಬೆರೆತ ಮಣ್ಣಿಗೆ ಓರೆಯಾಗಿ ಚುಚ್ಚಿ, ಬೇರು ಹಿಡಿಯುವವರೆಗೆ ಅರೆನೆರಳಲ್ಲಿಡಿ. ನೀರು ಮಿತವಾಗಿರಲಿ, ಬುಡದಲ್ಲಿ ನಿಂತರೆ ಕೊಳೆಯುತ್ತದೆ.