ಏಳಿಸುವ ಕಸುಬು

ಲಕ್ವ ಹೊಡೆದವರು ಹಾಸಿಗೆ ಬಿಟ್ಟು ಕುರ್ಚಿಗೆ ಬಂದರೆಂದರೆ ಮನೆಯವರಿಗೆ ಅರ್ಧ ಗೆದ್ದ ಹಾಗೆ. ಫಿಜಿಯೋಥೆರಪಿಸ್ಟರ ಕಣ್ಣಿಗೆ ಅದು ಹಾಗೆ ಕಾಣುವುದಿಲ್ಲ. ತಿಂಡಿಗೆ ಕೂರಿಸಿದವರು ಊಟದ ಹೊತ್ತಿಗೂ ಅಲ್ಲೇ ಇದ್ದರೆ ಕಾಲಿನ ಮಟ್ಟಿಗೆ ಹಾಸಿಗೆಗೂ ಕುರ್ಚಿಗೂ ದೊಡ್ಡ ವ್ಯತ್ಯಾಸವಿಲ್ಲ. 2004ರಲ್ಲಿ ಜೂಲಿ ಬರ್ನ್‌ಹಾರ್ಟ್ ಮತ್ತು ಸಂಗಡಿಗರು ಮೆಲ್ಬರ್ನ್‌ನ ಐದು ಸ್ಟ್ರೋಕ್ ಘಟಕಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಪಾರ್ಶ್ವವಾಯು ಬಡಿದು ಎರಡು ವಾರ ದಾಟದ 58 ಮಂದಿ ಹಗಲು ಹೇಗೆ ಕಳೆಯುತ್ತಾರೆಂದು ಅವರು ನೋಡಿದ್ದರು. ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲಿ, ಶೇ. 28ರಷ್ಟು ಹೊತ್ತು ಹಾಸಿಗೆಯಿಂದಾಚೆ ಕೂತಲ್ಲೇ. ಶೇ. 60ರಷ್ಟು ಹೊತ್ತು ಹತ್ತಿರ ಯಾರೂ ಇಲ್ಲ. ಇದು ಒಳ್ಳೆಯ ಆಸ್ಪತ್ರೆಗಳ ಕಥೆ ಎನ್ನುವುದನ್ನು ಮರೆಯಬಾರದು.

ಈ ಕೂತ ಹೊತ್ತನ್ನು ಒಡೆಯುವ ಉಪಾಯ ಒಂದೇ: ಎದ್ದು ನಿಲ್ಲುವುದು. ಏಳುವುದೆಂದರೆ ಮೇಲೆ ಹೋಗುವುದೆಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಮೈ ಮೊದಲು ಮುಂದಕ್ಕೆ ಬಾಗುತ್ತದೆ, ಆಮೇಲಷ್ಟೇ ಮೇಲೆ. ಸಿಡ್ನಿಯ ಫಿಜಿಯೋಥೆರಪಿಸ್ಟರಾದ ಜಾನೆಟ್ ಕಾರ್ ಮತ್ತು ರಾಬರ್ಟಾ ಶೆಫರ್ಡ್ ಕೂರುವುದು, ಏಳುವುದು, ನಡೆಯುವುದು ಮುಂತಾದ ದಿನಬಳಕೆಯ ಚಲನೆಗಳನ್ನು ಬಿಡಿಸಿ, ರೋಗಿಯಲ್ಲಿ ಯಾವ ತುಣುಕು ತಪ್ಪಿದೆಯೆಂದು ಹುಡುಕುವ ಕ್ರಮವನ್ನು ಬೆಳೆಸಿದರು. ಇಂದು ಯಾವ ವಾರ್ಡಿನಲ್ಲಿ ನಿಂತು ನೋಡಿದರೂ ಆ ಕ್ರಮದ ಗುರುತು ಸಿಗುತ್ತದೆ.

ನುರಿತವರು ರೋಗಿಯನ್ನು ಎತ್ತುವುದೇ ಇಲ್ಲ. ಮೊದಲು ಕುರ್ಚಿಯ ಅಂಚಿಗೆ ಸರಿಸುತ್ತಾರೆ. ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದಿಡುತ್ತಾರೆ. ಪಾದ ಮುಂದೆ ಉಳಿದರೆ ಎಷ್ಟು ಬಲ ಹಾಕಿದರೂ ಮೈ ಹಿಂದಕ್ಕೇ ಬೀಳುತ್ತದೆ. ಬಿದ್ದೇನೆಂಬ ಭಯಕ್ಕೆ ರೋಗಿ ಬಾಗಲು ಒಪ್ಪದಿದ್ದರೆ ಎದುರಿಗೊಂದು ಮೇಜು ಇಡುತ್ತಾರೆ, ಅರ್ಧ ಭಯ ಅಲ್ಲೇ ಕರಗುತ್ತದೆ. ತಾವು ಎದುರಿಗೆ ತಗ್ಗು ಸ್ಟೂಲಿನಲ್ಲಿ ಕೂತು, ಬಲ ಕುಂದಿದ ಮಂಡಿಗೆ ತಮ್ಮ ಮಂಡಿಯನ್ನು ಆನಿಸಿ, "ಅಜ್ಜಾ, ಮೂಗು ಕಾಲ್ಬೆರಳಿನ ನೇರಕ್ಕೆ ಬರಲಿ" ಎನ್ನುತ್ತಾರೆ. ಪ್ರೀತಿಯಿಂದ ಕೈ ಹಿಡಿದು ಎಳೆಯುವ ಮಗನನ್ನು ಮಾತ್ರ ತಡೆಯುತ್ತಾರೆ. ಸೋತ ತೋಳನ್ನು ಎಳೆದರೆ ಭುಜದ ಕೀಲಿಗೇ ಪೆಟ್ಟು.

ಇನ್ನೊಂದು ಮೋಸವಿದೆ. ಸರಿಯಿರುವ ಕಾಲು ಇಡೀ ಭಾರ ಹೊತ್ತು ಎಬ್ಬಿಸಿಬಿಡುತ್ತದೆ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಸರಿ ಕಾಲನ್ನು ಒಂದಿಷ್ಟು ಮುಂದಿಟ್ಟರೆ ಸೋತ ಕಾಲು ದುಡಿಯಲೇಬೇಕು. ಇನ್ನು ಕೂರುವುದು. ದೊಪ್ಪನೆ ಕುಸಿಯಲು ಬಿಡದೆ, ತೊಡೆಯ ಸ್ನಾಯು ನಡುಗುತ್ತಿದ್ದರೂ ನಿಧಾನವಾಗಿ ಇಳಿಸುತ್ತಾರೆ. ಕುರ್ಚಿ ಎತ್ತರವಿದ್ದರೆ ಏಳುವುದು ಸಲೀಸು. ಅದಕ್ಕೇ ಮೊದಲು ಗಟ್ಟಿ ದಿಂಬು ಹಾಕಿ, ಬಲ ಬಂದಂತೆ ತೆಗೆಯುತ್ತಾರೆ.

ಎಷ್ಟು, ಯಾವಾಗ ಎನ್ನುವಲ್ಲಿ ಉತ್ಸಾಹ ಕೆಡಿಸುವುದುಂಟು. ಬರ್ನ್‌ಹಾರ್ಟ್ ಅವರೇ ಮುಂದೆ ನಿಂತು ಐದು ದೇಶಗಳ 2104 ರೋಗಿಗಳ ಮೇಲೆ ನಡೆಸಿದ 'ಅವರ್ಟ್' ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಮೊದಲ 24 ಗಂಟೆಯೊಳಗೇ ಎಬ್ಬಿಸಿ, ಹೆಚ್ಚು ಹೆಚ್ಚು ಓಡಾಡಿಸಿದ ಗುಂಪಿನಲ್ಲಿ ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸಿಕೊಂಡವರು ಶೇ. 46, ಎಂದಿನ ಆರೈಕೆಯವರಲ್ಲಿ ಶೇ. 50. ತಾವು ನಂಬಿದ್ದು ತಿರುಗಿಬಿದ್ದರೂ ಅದನ್ನು ಮುಚ್ಚಿಡದೆ, ಅದೇ ಲೆಕ್ಕವನ್ನು ಅವರು ಮತ್ತೆ ಜಾಲಾಡಿದ್ದು ನನಗೆ ಮೆಚ್ಚುಗೆಯಾದ ಸಂಗತಿ. ಆಗ ಕಂಡದ್ದು: ಒಟ್ಟು ನಿಮಿಷ ಹೆಚ್ಚಿಸಿದರೆ ಕೆಡುಕು, ಚಿಕ್ಕ ಚಿಕ್ಕದಾಗಿ ಹಲವು ಸಲ ಎಬ್ಬಿಸಿದರೆ ಒಳಿತು.

ಹಲವು ಸಲ ಎಂದಾಗ ಫಿಜಿಯೋ ಒಬ್ಬರಿಂದ ಆಗದು, ಮನೆಯವರೇ ಬೇಕು. ಆದರೆ ಕಸುಬನ್ನೇ ಅವರ ಕೈಗಿಡುವುದು ಸುಲಭವಲ್ಲ: ಭಾರತದ 14 ಆಸ್ಪತ್ರೆಗಳಲ್ಲಿ ಮನೆಯವರಿಗೆ ತರಬೇತಿ ಕೊಟ್ಟು ನೋಡಿದ 'ಅಟೆಂಡ್' ಪ್ರಯೋಗದಲ್ಲಿ (2017) ಆರು ತಿಂಗಳ ಕೊನೆಗೆ ಫಲಿತಾಂಶವೇನೂ ಬದಲಾಗಲಿಲ್ಲ. ಹಾಗಾಗಿ ಜಾಣ ಫಿಜಿಯೋ ಮನೆಯವರಿಗೆ ವ್ಯಾಯಾಮದ ಪಟ್ಟಿ ಕೊಡುವ ಬದಲು ಸಂದರ್ಭಗಳನ್ನು ಒಪ್ಪಿಸುತ್ತಾರೆ. ಪಂಚೆ ಸರಿಮಾಡುವಾಗ ನಿಲ್ಲಿಸಿ, ತಲೆ ಬಾಚುವಾಗ ಕನ್ನಡಿಯೆದುರು ನಿಲ್ಲಿಸಿ, ಸರಿಯಿರುವ ಪಕ್ಕದಲ್ಲಿ ಅಲ್ಲ, ಸೋತ ಪಕ್ಕದಲ್ಲಿ ನೀವಿರಿ. ತಲೆ ಸುತ್ತಿತೆಂದರೆ ಅಥವಾ ಮುಖ ಬಿಳಚಿತೆಂದರೆ ತಕ್ಷಣ ಕೂರಿಸಿ, ನಮ್ಮನ್ನು ಕರೆಯಿರಿ.